ಅವ್ವ ಹಿಡಿಸಿದ ಗ್ರಹಣ

ಹೆರಿಗೆಗೆಂದು ದೇವಣಗಾಂವದ ತವರುಮನೆಗೆ ಬಂದಾಗ ನನ್ನ ಬಳಿ ಒಂದು ಬಟ್ಟೆಚೀಲ, ಒಂದು ಲ್ಯಾಪ್‌ಟಾಪ್ ಮತ್ತು ಯಾರಿಗೂ ಹೇಳದ ಒಂದು ಹೆದರಿಕೆ ಇದ್ದವು. ಮೊದಲ ಬಸಿರು ಕೈಗೆ ಹತ್ತಿರಲಿಲ್ಲ. ಇದು ಎರಡನೆಯದು. ಎಂಟನೇ ತಿಂಗಳು ನಡೆಯುತ್ತಿತ್ತು. ಊರವರೆಲ್ಲ ಹೊಟ್ಟೆ ನೋಡಿ ಗಂಡೋ ಹೆಣ್ಣೋ ಎಂದು ಪಂಥ ಕಟ್ಟುತ್ತಿದ್ದರೆ, ನಾನು ಮಾತ್ರ ಒಳಗಿರುವ ಕೂಸು ಬದುಕಿ ಹೊರಗೆ ಬಂದರೆ ಸಾಕು ಎಂದು ಹಲ್ಲು ಕಚ್ಚಿ ದಿನ ದೂಡುತ್ತಿದ್ದೆ.

ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಗಂಡ ಮುದ್ದೇಬಿಹಾಳದಲ್ಲಿ ಹೈಸ್ಕೂಲ್ ಮಾಸ್ತರು. ಪಾಠದ ಜೊತೆಗೆ ನಾನು ಸಂಶೋಧನೆಯನ್ನೂ ಹಚ್ಚಿಕೊಂಡಿದ್ದೆ. ಅದು ಸೂರ್ಯನ ಕಪ್ಪು ಕಲೆಗಳ ಕುರಿತು. ಸೂರ್ಯನ ಒಡಲಿಂದ ಕಾಂತಕ್ಷೇತ್ರದ ಎಳೆಗಳು ಕಟ್ಟುಕಟ್ಟಾಗಿ ಮೇಲಕ್ಕೆ ಎದ್ದು ಬರುತ್ತವೆ. ಅವು ಎದ್ದ ಜಾಗ ಸುತ್ತಲಿಗಿಂತ ತುಸು ತಂಪು, ಅದಕ್ಕೇ ನಮ್ಮ ಕಣ್ಣಿಗೆ ಕಪ್ಪು. ಕೆಲವು ಕಟ್ಟುಗಳು ನೆಟ್ಟಗಿರುತ್ತವೆ, ಕೆಲವು ಹುರಿಗೊಂಡಿರುತ್ತವೆ. ಹುರಿ ಇದ್ದಲ್ಲಿ ಆ ಎಳೆಗಳ ಗುಂಟ ವಿದ್ಯುತ್ ಪ್ರವಾಹ ಹರಿಯುತ್ತದೆ. ಹುರಿ ಏರಿದಷ್ಟೂ ಒಳಗೆ ಕೂಡಿಟ್ಟ ಶಕ್ತಿಯೂ ಏರುತ್ತದೆ, ಯಾವುದೋ ಒಂದು ಗಳಿಗೆಯಲ್ಲಿ ಹಿಡಿತ ತಪ್ಪಿ ಸಿಡಿಯುತ್ತದೆ, ಸಿಡಿತ ದೊಡ್ಡದಾದರೆ ಇಲ್ಲಿ ಭೂಮಿಯ ಮೇಲಿನ ರೇಡಿಯೊ ಸಂಪರ್ಕವೂ ಕಡಿಯಬಹುದು. ಅದು ಯಾವ ಗಳಿಗೆ ಎಂದು ಮೊದಲೇ ಹೇಳಲು ಸಾಧ್ಯವೇ ಎಂದು ನಮ್ಮಂಥವರು ಉಪಗ್ರಹ ಕಳಿಸಿದ ಚಿತ್ರಗಳನ್ನಿಟ್ಟುಕೊಂಡು ಹುರಿ ಅಳೆಯುತ್ತ ಕೂರುತ್ತೇವೆ. ಗಳಿಗೆಯನ್ನು ಸರಿಯಾಗಿ ಹೇಳಲು ಇನ್ನೂ ಯಾರಿಗೂ ಬಂದಿಲ್ಲ.

ಇದನ್ನು ನಾನು ಅಪ್ಪನಿಗೆ ಹೇಳಿದ್ದೆ, ಏಕೆಂದರೆ ಅಪ್ಪ ಹಗ್ಗ ಹೊಸೆಯುವ ಮನುಷ್ಯ. ಊರೆಲ್ಲ ನೈಲಾನ್ ಹಗ್ಗಕ್ಕೆ ಬಿದ್ದರೂ ಅಪ್ಪನಿಗೆ ಪುಂಡಿ ನಾರೇ ಬೇಕು. ನೈಲಾನು ಎತ್ತಿನ ಕೊರಳು ಕೊಯ್ಯುತ್ತದೆ ಎಂಬುದು ಅವರ ವಾದ. ಕಾರಹುಣ್ಣಿಮೆಗೆ ಎತ್ತುಗಳಿಗೆ ಹೊಸ ಹಗ್ಗ ಆಗಲೇಬೇಕು, ಅದಕ್ಕೆ ಬ್ಯಾಸಗಿ ಮುಗಿಯುವ ಹೊತ್ತಿಗೆ ಬೇವಿನ ಗಿಡದ ಕೆಳಗೆ ನಾರು ಹರವಿಕೊಂಡು ಕೂರುತ್ತಾರೆ. ನಾನು ಬಂದ ಮರುದಿನ ಅವರು ಒಂದು ಎಳೆಗೆ ಬೇಕಂತಲೇ ಹೆಚ್ಚು ಹುರಿ ಹಾಕಿ, ಎರಡೂ ತುದಿ ಸಡಿಲ ಬಿಟ್ಟು ತೋರಿಸಿದರು. ಎಳೆ ತನ್ನಷ್ಟಕ್ಕೆ ತಾನೇ ಮಡಚಿಕೊಂಡು ನಡುವೆ ಒಂದು ಕುಣಿಕೆಯಾಗಿ ಎದ್ದು ನಿಂತಿತು.

"ನಿನ್ನ ಸೂರ್ಯಾನೂ ಹಿಂಗ ಮಾಡತಾನೇನು?" ಎಂದರು.

"ಹಿಂಗ ಮಾಡ್ತಾನ್ರಿ ಯಪ್ಪಾ. ಎದ್ದ ಕುಣಿಕಿ ಹರಕೊಂಡು ನಮ್ಮ ಕಡೀಗೂ ಬರ್ತೈತಿ ಒಮ್ಮೊಮ್ಮೆ" ಎಂದೆ. ಇಬ್ಬರೂ ನಕ್ಕೆವು. ಆ ಬ್ಯಾಸಗಿಯಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲವೇನೋ.

ನಗು ಕೇಳಿ ಅವ್ವ ಬಂದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಆ ದಿನದ ಸೂರ್ಯ ಇದ್ದ. ಉತ್ತರದ ಅರ್ಧದಲ್ಲಿ ಒಂದು ದೊಡ್ಡ ಕಲೆ, ಸುತ್ತ ಮರಿಗಳಂತೆ ಸಣ್ಣ ಕಲೆಗಳು. ಆ ಕಲೆ ನನಗೆ ಬೇರೆ ಕಾರಣಕ್ಕೆ ಮುಖ್ಯವಾಗಿತ್ತು. ಉತ್ತರಾರ್ಧದ ಕಲೆಗಳಲ್ಲಿ ಸಾಮಾನ್ಯವಾಗಿ ಎಡಕ್ಕೆ ಹುರಿ ಇರುತ್ತದೆ, ಇದರಲ್ಲಿ ಬಲಕ್ಕೆ ಇತ್ತು. ಅವ್ವನಿಗೆ ಎಡಬಲ ಬೇಕಿರಲಿಲ್ಲ.

"ಇದೇನವಾ, ಸೂರ್ಯಾಗ ಕಪ್ಪು ಬಡದೈತಿ?"

"ಅದು ಕಲೆ ಯವ್ವಾ. ನಮ್ಮ ಭೂಮಿಗಿಂತ ದೊಡ್ಡದೈತಿ."

ಅವ್ವ ಸೆರಗು ಬಾಯಿಗೆ ಹಿಡಿದಳು. "ಸೂರ್ಯಾನ ಮುಖದ ಮ್ಯಾಲೆ ಕಪ್ಪು ಬಿತ್ತಂದ್ರ ಗ್ರಹಣ ಅಲ್ಲೇನು? ಬಸುರಿ ಹೆಂಗಸು ಮನ್ಯಾಗ ಕುಂತಾಳ. ಇವರು ನೋಡಿದ್ರ ಹುರಿ ಹಾಕ್ಕೋತ ಕುಂತಾರ!"

ಗ್ರಹಣದಲ್ಲಿ ಬಸುರಿ ಕತ್ತರಿಸಬಾರದು, ಹೊಲಿಯಬಾರದು, ಹೊಸೆಯಬಾರದು. ಆ ಮನೆಯಲ್ಲಿ ಬೇರೆಯವರೂ ಹೊಸೆಯಬಾರದು. ಹೊಸೆದರೆ ಕೂಸಿನ ಹೊಕ್ಕಳಬಳ್ಳಿ ಹುರಿಗೊಳ್ಳುತ್ತದೆ ಎಂದು ಅವ್ವನ ಅತ್ತೆ ಹೇಳಿದ್ದರಂತೆ. ಗ್ರಹಣ ಎಂದರೆ ಚಂದ್ರ ಅಡ್ಡ ಬರುವುದು, ಇದು ಹಾಗಲ್ಲ ಎಂದು ನಾನು ಕಿತ್ತಳೆಹಣ್ಣು, ನಿಂಬೆಹಣ್ಣು ಇಟ್ಟು ಪಾಠ ಮಾಡಿದೆ. ಇಂಡಿ ಊರಿನಿಂದ ನನ್ನ ಅತ್ತೆ ಕಳಿಸಿದ್ದ ಆ ನಿಂಬೆಹಣ್ಣನ್ನು ಅವ್ವ ಎತ್ತಿಕೊಂಡು ಹೋಗಿ ನನಗೆ ದೃಷ್ಟಿ ತೆಗೆದಳು. ಅಲ್ಲಿಗೆ ಪಾಠ ಮುಗಿಯಿತು.

ಆವತ್ತಿನಿಂದ ಮನೆಗೆ ಗ್ರಹಣ ಹಿಡಿಯಿತು. ಲೋಕದಲ್ಲಿ ಎಲ್ಲೂ ಇಲ್ಲದ, ನಮ್ಮ ಮನೆಯೊಂದಕ್ಕೇ ಹಿಡಿದ ಗ್ರಹಣ. ನೀರಿನ ಕೊಡದ ಮೇಲೆ, ರೊಟ್ಟಿಯ ಬುಟ್ಟಿಯ ಮೇಲೆ ಗ್ರಹಣಕ್ಕೆ ಇಡುವ ಕರಿಕೆ ಹುಲ್ಲು ಬಂತು. ನನಗೆ ಈಳಿಗೆ ಮುಟ್ಟುವುದು ಬಂದ್. ಬತ್ತಿ ಹೊಸೆಯುವುದು ಬಂದ್. ಜಡೆ ಹೆಣೆಯುವುದೂ ಹೊಸೆದಂತೆಯೇ ಎಂದು ಕೂದಲು ಬಿಚ್ಚಿ ಗಂಟು ಕಟ್ಟಿದಳು. ಉಪವಾಸ ಒಂದನ್ನು ಮಾತ್ರ ಕೈಬಿಟ್ಟಳು, ಬಸುರಿಯನ್ನು ಎಷ್ಟು ದಿನ ಹಸಿದು ಕೂರಿಸಲಾದೀತು? ಅಪ್ಪ ನಾರಿನ ಕಟ್ಟನ್ನು ಗೋಡೆಗೆ ಒರಗಿಸಿ ಸುಮ್ಮನೆ ಬೀಡಿ ಸೇದುತ್ತ ಕೂತರು. ದಿನಾ ಮುಂಜಾನೆ ಅವ್ವ ನನ್ನ ಮಗ್ಗುಲಿಗೆ ಬಂದು ಕೇಳುತ್ತಿದ್ದಳು, "ಬಿಟ್ಟಿತೇನು?"

"ಇಲ್ಲವಾ" ಎನ್ನುತ್ತಿದ್ದೆ. ಬರೀ ಇಲ್ಲ ಎಂದರೆ ಸಾಕಿತ್ತು, ಆದರೆ ಅದು ನಿಜಕ್ಕೂ ದಿನದಿನಕ್ಕೆ ಬಲಿಯುತ್ತಿತ್ತು. ಎರಡು ಕಲೆಗಳು ಒಂದರ ಮೈಮೇಲೆ ಇನ್ನೊಂದು ಸರಿದು ನಡುವಿನ ಎಳೆಗಳನ್ನು ಹಿಂಡುತ್ತಿದ್ದವು. ನನ್ನ ಲೆಕ್ಕದಲ್ಲಿ ಹುರಿ ಏರುತ್ತಲೇ ಇತ್ತು, ಪ್ರವಾಹವೂ. ಅವ್ವನ ಎದುರು ನಕ್ಕು, ಅವಳು ಆಚೆ ಹೋದಮೇಲೆ ನಾನು ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಆ ಅಂಕಿಗಳನ್ನು ನೋಡುತ್ತಿದ್ದೆ. ಒಂದಕ್ಕೊಂದು ಸಂಬಂಧವಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಅಂಕಿ ಏರಿದ ದಿನ ಕೂಸಿನ ಒದೆತ ಎಣಿಸುತ್ತಿದ್ದೆ.

ಸೂರ್ಯ ತನ್ನ ಸುತ್ತ ತಿರುಗುತ್ತಾನಾದ್ದರಿಂದ ಕಲೆ ನಿಧಾನಕ್ಕೆ ಪಶ್ಚಿಮದ ಅಂಚಿಗೆ ಸರಿದು ಒಂದು ದಿನ ಮರೆಯಾಯಿತು. ಅವ್ವ ಕೇಳಿದಳು. ನಾನು, ಕಾಣಾಕತ್ತಿಲ್ಲ, ಹಿಂದಿನ ಮಗ್ಗುಲಿಗೆ ಹೋಗೈತಿ ಎಂದೆ.

"ಹಿಂದ ಹೋಗಿದ್ದು ಮತ್ತ ಮುಂದ ಬರೂದಿಲ್ಲೇನು?"

"ಕರಗಲಿಲ್ಲಂದ್ರ ಹದಿನೈದು ದಿನಕ್ಕ ಬರಬಹುದು."

ಅವ್ವ ಗಟ್ಟಿ ಹೆಂಗಸು, ಸಿಕ್ಕ ಬಿಡುವನ್ನು ಹಾಳುಮಾಡುವವಳಲ್ಲ. ಅಂಗಳಕ್ಕೆ ಹೋಗಿ, "ನೋಡ್ರಿ, ಅದು ಹಿಂದಿದ್ದಾಗನ ಹುರಿ ಹಾಕಿ ಮುಗಿಸಿಬಿಡ್ರಿ. ಬಂತಂದ್ರ ಮತ್ತ ಮುಟ್ಟಾಂಗಿಲ್ಲ" ಎಂದಳು. ಅಪ್ಪ ಬೀಡಿ ಎಸೆದು ಎದ್ದರು. ಆ ದಿನಗಳಲ್ಲಿ ಅವರು ಎರಡೂ ಎತ್ತಿಗೆ ಕೊರಳಿಗೆ ಕಟ್ಟುವ ಕಣ್ಣಿ, ಮೂಗುದಾರ, ಮೇಲೊಂದು ಉದ್ದನೆಯ ಹಗ್ಗ ಎಲ್ಲವನ್ನೂ ಹೊಸೆದು ಗೂಟಕ್ಕೆ ನೇತುಹಾಕಿದರು. ಹೊಸ ನಾರಿನ ವಾಸನೆ ಪಡಸಾಲೆಯ ತನಕ ಬರುತ್ತಿತ್ತು.

ಅದೇ ವಾರ ಸಿಂದಗಿಯ ದವಾಖಾನೆಯಲ್ಲಿ ನನಗೆ ಸ್ಕ್ಯಾನಿಂಗ್ ಇತ್ತು. ಎದುರು ಮನೆಯ ಚಾಚಾ ತಮ್ಮ ಟಂಟಂ ಆಟೋದಲ್ಲಿ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಹೋದರು. ಕಣ್ಣಿಗೆ ಕಾಣದ್ದನ್ನು ಸದ್ದಿನ ಅಲೆ ಕಳಿಸಿ ನೋಡುವುದು ನಮಗೆ ಹೊಸದಲ್ಲ, ಸೂರ್ಯನ ಹಿಂಬದಿಯ ಕಲೆಯನ್ನೂ ಅವನ ಮೈಯ ಕಂಪನಗಳಿಂದಲೇ ಮಸುಕು ಮಸುಕಾಗಿ ಪತ್ತೆ ಹಚ್ಚುತ್ತಾರೆ. ಪರದೆಯ ಮೇಲಿನ ಆ ಮಸುಕನ್ನು ನೋಡುತ್ತ ಡಾಕ್ಟರ್ ಮೇಡಮ್ ಒಂದೇ ಜಾಗಕ್ಕೆ ಮತ್ತೆ ಮತ್ತೆ ಯಂತ್ರ ಒತ್ತಿದರು.

"ಹೊಕ್ಕಳಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಂಡೈತ್ರಿ. ಒಂದು ಸುತ್ತು ಬಾಳ ಮಂದಿಗಿ ಇರ್ತೈತಿ. ಇಲ್ಲಿ ಎರಡು ಕಾಣಾಕತ್ತಾವ, ನೀರೂ ತುಸು ಕಡಿಮಿ ಐತಿ. ಅಂಜಬ್ಯಾಡ್ರಿ. ಆದ್ರ ಕೂಸಿನ ಆಟದ ಮ್ಯಾಲೆ ಲಕ್ಷ್ಯ ಇಡ್ರಿ. ಕಡಿಮಿ ಅನಿಸಿದ್ರ ಆ ಹೊತ್ತಿಗೇ ಹೊಂಟು ಬರ್ರಿ, ತಡಾ ಮಾಡಬ್ಯಾಡ್ರಿ."

ಅಂಜಬೇಡಿ ಎಂದು ಹೇಳಿಸಿಕೊಂಡವರಲ್ಲಿ ಅಂಜದೆ ಇದ್ದವರು ಯಾರಾದರೂ ಇದ್ದರೆ ನನಗೆ ತೋರಿಸಬೇಕು. ದಾರಿಯುದ್ದಕ್ಕೂ ನಾನು ಕಣ್ಣು ಮುಚ್ಚಿಕೊಂಡು ಕೂಸಿನ ಒದೆತಕ್ಕೆ ಕಾಯುತ್ತಿದ್ದೆ. ಅವ್ವ ಮನೆ ಮುಟ್ಟಿ ಹೊಸ್ತಿಲು ದಾಟುವಾಗ, "ನಾನಽ ಹೇಳಿದೆ, ಹುರಿ ಹಾಕ್ರಿ ಅಂತ. ನನ್ನ ನಾಲಗಿಗೆ ಬೆಂಕಿ ಹಾಕಲಿ" ಎಂದು ಹಣೆ ಗಟ್ಟಿಸಿಕೊಂಡಳು.

ನಾನು ರೇಗಿದೆ. ಕೂಸು ನೀರಲ್ಲಿ ಪಲ್ಟಿ ಹೊಡೆಯುತ್ತದೆ, ಬಳ್ಳಿ ಉದ್ದವಿದ್ದರೆ ಸುತ್ತಿಕೊಳ್ಳುತ್ತದೆ, ಹಗ್ಗಕ್ಕೂ ಅದಕ್ಕೂ ಎತ್ತಣ ಸಂಬಂಧ ಎಂದು ತರಗತಿಯಲ್ಲಿ ಒದರುವಂತೆ ಒದರಿದೆ. ಮಾತು ಮುಗಿಯುವ ಮೊದಲೇ ನನಗೆ ಅಳು ಬಂದುಬಿಟ್ಟಿತು. ಅಪ್ಪ ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

ಮರುದಿನ ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಅಪ್ಪ ಹಗ್ಗ ಬಿಚ್ಚುತ್ತಿದ್ದರು. ಹೊಸೆಯುತ್ತಿರಲಿಲ್ಲ, ಬಿಚ್ಚುತ್ತಿದ್ದರು. ಹೊಸ ಕಣ್ಣಿಯ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಹಾಕಿದ ಹುರಿಯನ್ನು ಉಲ್ಟಾ ತಿರುವಿ ತಿರುವಿ, ಎಳೆಯಿಂದ ಎಳೆ ಬೇರೆ ಮಾಡಿ ನಾರನ್ನು ಮತ್ತೆ ನಾರಾಗಿಸುತ್ತಿದ್ದರು. ಅವ್ವನ ಮಾತಿಗೆಲ್ಲ ನಕ್ಕು ಬೀಡಿ ಹಚ್ಚುತ್ತಿದ್ದ ಮನುಷ್ಯ ತಲೆ ಎತ್ತಲಿಲ್ಲ. ಆ ಹೊತ್ತು ನನಗೆ ಬಂದ ಹೆದರಿಕೆ ಡಾಕ್ಟರ ಎದುರಲ್ಲೂ ಬಂದಿರಲಿಲ್ಲ. ಅಪ್ಪನೇ ಹೆದರಿದರೆ ಇನ್ನು ಈ ಮನೆಯಲ್ಲಿ ಹೆದರದವರು ಯಾರು ಉಳಿದರು?

ನಾನು ಹೋಗಿ ಎದುರು ಕೂತೆ. ಉದ್ದನೆಯ ಹಗ್ಗದ ಒಂದು ತುದಿ ಹಿಡಿದುಕೊಂಡೆ. ಅಪ್ಪ ಆ ಕಡೆಯಿಂದ, ನಾನು ಈ ಕಡೆಯಿಂದ, ಇಬ್ಬರೂ ಬಿಚ್ಚಿದೆವು. ಕಾಂತಕ್ಷೇತ್ರದ ಹುರಿಯನ್ನು ಸಮೀಕರಣದಲ್ಲಿ ಹಿಡಿಯುವ ಹೆಂಗಸು ಪುಂಡಿ ನಾರು ಬಿಚ್ಚಿ ಕೂಸಿನ ಕೊರಳು ಬಿಡಿಸುತ್ತಿದ್ದಾಳೆ ಎಂದು ನಗುವವರು ನಗಲಿ. ನನಗೆ ಆಗ ಕೈಗೆ ಏನಾದರೂ ಕೆಲಸ ಬೇಕಿತ್ತು. ಹಗ್ಗ ಪೂರ್ತಿ ಬಿಚ್ಚಿದ ಮೇಲೆ ಕೂಸು ಒಮ್ಮೆ ಜೋರಾಗಿ ಒದೆಯಿತು, ನಾನು ಮುಖ ಮುಚ್ಚಿಕೊಂಡು ಅತ್ತೆ.

ಅದಾಗಿ ಕೆಲವು ದಿನಕ್ಕೆ ಕಲೆ ಮರಳಿ ಬಂತು. ಅದು ಬರುವ ಮೊದಲೇ ಅದರ ಕುಣಿಕೆಗಳು ಸೂರ್ಯನ ಪೂರ್ವದ ಅಂಚಿನ ಮೇಲೆ ಎದ್ದು ನಿಂತಿದ್ದವು, ಹೊಳೆಯುತ್ತ, ತಿರುಚಿಕೊಂಡು. ಕರಗಿರಲಿಲ್ಲ, ಇನ್ನೂ ಹರಡಿತ್ತು. ಅಂಚಿನಲ್ಲಿರುವಾಗ ಹುರಿಯನ್ನು ನೆಟ್ಟಗೆ ಅಳೆಯಲು ಬರುವುದಿಲ್ಲ, ಕಾಯಬೇಕು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಬಂತೇನು?" ಎಂದಳು ಅವ್ವ, ಬಾಗಿಲಲ್ಲಿ ನಿಂತು.

"ಬಂತವಾ."

ಅವ್ವ ಹೋಗಿ ಕೊಡದ ಮೇಲೆ ಕರಿಕೆ ಇಟ್ಟಳು.

ನಾನು ಹೆದರಿದ್ದ ಹೊತ್ತು ಮರುದಿನವೇ ಬಂತು, ಬಿಸಿಲು ನೆತ್ತಿಗೇರುತ್ತಿತ್ತು. ಮುಂಜಾನೆ ರೊಟ್ಟಿ ತಿಂದಮೇಲೆ ಕೂಸು ಆಡಬೇಕಿತ್ತು, ಆಡಲಿಲ್ಲ. ಬೆಲ್ಲದ ನೀರು ಕುಡಿದು ಎಡಮಗ್ಗುಲಾಗಿ ಮಲಗಿದೆ. ಕೈಯಿಂದ ತಟ್ಟಿದೆ. ಹೊಟ್ಟೆ ಬಿಗಿದು ಸಡಿಲಾಯಿತು, ನೋವು ಶುರುವಾಗಿತ್ತು, ಆದರೆ ಒಳಗೆ ಯಾರೂ ಒದೆಯಲಿಲ್ಲ. ಕರೆದೆ, ಹೆಸರಿಲ್ಲದ ಕೂಸನ್ನು ಏನೆಂದು ಕರೆಯುವುದು, ಸುಮ್ಮನೆ ಏ, ಏ ಎಂದು ಕರೆದೆ. ಡಾಕ್ಟರಿಗೆ ಫೋನ್ ಹಚ್ಚಿದರೆ ಹತ್ತಲಿಲ್ಲ. ಅವ್ವ ಬಾಗಿಲಿಂದ ಹೊರಗೆ ಮೇಲೆ ನೋಡಿದಳು. ನಮ್ಮೂರಲ್ಲಿ ಫೋನು ಹತ್ತದೆ ಇರಲು ಸೂರ್ಯ ಸಿಡಿಯಬೇಕಾಗಿಲ್ಲ, ಕರೆಂಟು ಹೋದರೆ ಸಾಕು. ಅದು ಗೊತ್ತಿದ್ದೂ ನಾನೂ ಮೇಲೆ ನೋಡಿದೆ.

ಚಾಚಾ ಓಡಿಬಂದು ಟಂಟಂ ಚಾಲೂ ಮಾಡಿದರು. "ಅಂಜಬ್ಯಾಡ ಬೇಟಿ, ಹಾರಿಸಿಕೊಂಡು ಹೋಗ್ತೇನಿ" ಎಂದು ಓಣಿಗೆ ಇಳಿಸಿದವರು ಅಲ್ಲೇ ಗಕ್ಕನೆ ನಿಲ್ಲಿಸಿದರು.

ಓಣಿಗೆ ಅಡ್ಡಲಾಗಿ ನಮ್ಮ ಎತ್ತುಗಳು ನಿಂತಿದ್ದವು. ಹೊಸ ಕಣ್ಣಿಗಳನ್ನು ನಾವೇ ಬಿಚ್ಚಿಹಾಕಿದ್ದೆವಲ್ಲ, ಅಪ್ಪ ಅವನ್ನು ಹಳೆಯ ಸವೆದ ಕಣ್ಣಿಗಳಲ್ಲೇ ಕಟ್ಟಿದ್ದರು. ಅವು ಕಿತ್ತುಬಂದಿದ್ದವು. ಒಂದು ಎತ್ತು ಮೇಲಿನ ಓಣಿಯ ಯಾರದೋ ಹೋರಿಗೆ ಕೋಡು ಕೊಟ್ಟು ನಿಂತಿತ್ತು, ಇನ್ನೊಂದು ಅದರ ಹಿಂದೆ ಬುಸುಗುಡುತ್ತಿತ್ತು. ಧೂಳು ಎದ್ದಿತ್ತು. ಚಾಚಾ ಹಾರ್ನು ಹೊಡೆದಷ್ಟೂ ಅವು ಇನ್ನಷ್ಟು ಕೆರಳಿದವು. ಊರಿಂದ ಹೊರಬೀಳಲು ಇದ್ದದ್ದು ಅದೊಂದೇ ದಾರಿ. ನಾನು ಹೊಟ್ಟೆ ಹಿಡಿದುಕೊಂಡು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ.

"ಹಗ್ಗಾ ತರ್ರಿ, ಹಗ್ಗಾ!" ಎಂದು ಯಾರೋ ಅರಚಿದರು. ಹಗ್ಗ ಹೊಸೆಯುವವರ ಮನೆಯಲ್ಲಿ ಆ ಹೊತ್ತು ಒಂದು ಮೊಳ ಹಗ್ಗ ಇರಲಿಲ್ಲ. ಇದ್ದದ್ದು ಬರೀ ನಾರು.

ಅಪ್ಪ ತಲೆಗೆ ಸುತ್ತಿದ್ದ ಪಟಗಾ ಕಿತ್ತು ಎತ್ತಿನ ಕೊರಳಿಗೆ ಎಸೆದರು. ಎತ್ತು ಒಮ್ಮೆ ತಲೆ ಕೊಡವಿದ್ದಕ್ಕೇ ಆ ತೆಳ್ಳನೆಯ ಅರಿವೆ ಜಾರಿ, ಪರ್ ಎಂದು ಅಂಚು ಸೀಳಿತು. ಅಷ್ಟರಲ್ಲಿ ನನ್ನ ಪಕ್ಕ ಕೂತಿದ್ದ ಅವ್ವ ಟಂಟಂದಿಂದ ಧುಮುಕಿದಳು. ಓಡಿಹೋಗಿ ಪಟಗಾದ ಒಂದು ತುದಿ ಹಿಡಿದಳು.

"ಹುರಿ ಹಾಕ್ರಿ!" ಎಂದಳು.

ಅಪ್ಪ ಅವಳ ಮುಖ ನೋಡಿದರು. ಮೇಲೆ ಸೂರ್ಯ ಸುಡುತ್ತಿದ್ದ, ಅವನ ಮುಖದ ಮೇಲೆ ಆ ಕಪ್ಪು ಇತ್ತು, ಅದು ಇಬ್ಬರಿಗೂ ಗೊತ್ತಿತ್ತು.

"ಏನ್ ನೋಡ್ತೀರಿ? ಹುರಿ ಹಾಕ್ರಿ ಅಂದ್ನಲ್ಲ! ಬರೇ ಅರಿವಿ ತಡಿಯೂದಿಲ್ಲ, ಬಿಗಿಯಾಗಿ ಹುರಿ ಹಾಕ್ರಿ!"

ಹೇಳುತ್ತಲೇ ತಾನೇ ತಿರುವತೊಡಗಿದಳು. ಅವ್ವ ಒಂದು ಕಡೆಗೆ, ಅಪ್ಪ ಇನ್ನೊಂದು ಕಡೆಗೆ, ಎರಡೂ ಕೈಯಿಂದ, ಹಲ್ಲು ಕಚ್ಚಿ. ನೋಡನೋಡುತ್ತ ಪಟಗಾ ಬೆರಳಷ್ಟು ದಪ್ಪದ ಹಗ್ಗವಾಯಿತು. ಅಪ್ಪ ಅದನ್ನು ಎತ್ತಿನ ಕೊರಳಿಗೆ ಸುತ್ತಿ ಜಗ್ಗಿದರು. ಹರಿಯಲಿಲ್ಲ. ಎತ್ತು ಮುಗ್ಗರಿಸಿ ಗೋಡೆಯ ಕಡೆ ಸರಿಯಿತು, ಹಿಂದಿನದು ಅದರ ಬೆನ್ನು ಹತ್ತಿತು. ಹೋರಿಯನ್ನು ಅದರ ಮನೆಯವರು ಹೊಡೆದುಕೊಂಡು ಹೋದರು. ಚಾಚಾ ಟಂಟಂ ನುಗ್ಗಿಸಿದರು. ಅವ್ವ ಓಡುತ್ತಲೇ ಹತ್ತಿದಳು, ಅವಳ ಅಂಗೈ ಕೆಂಪಾಗಿ ಸುಲಿದಿತ್ತು. ಆ ಅಂಗೈಯನ್ನೇ ನನ್ನ ಹೊಟ್ಟೆಯ ಮೇಲಿಟ್ಟುಕೊಂಡು ಸಿಂದಗಿಯ ತನಕ ಕೂತಳು.

ದವಾಖಾನೆಯಲ್ಲಿ ಎದೆಬಡಿತದ ಯಂತ್ರ ಹಚ್ಚಿದರು. ನೋವು ಬಂದಾಗಲೆಲ್ಲ ಕೂಸಿನ ಬಡಿತ ಇಳಿಯುತ್ತಿತ್ತು, ನೋವು ಹೋದರೆ ಮೆಲ್ಲನೆ ಏರುತ್ತಿತ್ತು. ಒಂದು ಸಲ ಇಳಿದದ್ದು ಏರಲು ಬಹಳ ಹೊತ್ತು ಹಿಡಿಯಿತು. ಡಾಕ್ಟರ್ ಮೇಡಮ್ ಆಪರೇಷನ್ ಎಂದರು. ಬೆನ್ನಿಗೆ ಸೂಜಿ ಚುಚ್ಚಿದ್ದರಿಂದ ನನಗೆ ನೋವಿರಲಿಲ್ಲ, ಎಚ್ಚರ ಮಾತ್ರ ಇತ್ತು. ಹಸಿರು ಪರದೆಯ ಆಚೆ ಏನೋ ಜಗ್ಗಿದಂತಾಯಿತು, "ಎರಡು ಸುತ್ತು, ಬಿಗಿ ಅದಾವ" ಎಂಬ ಮಾತು ಕೇಳಿತು, ಕತ್ತರಿಯ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಆ ಏನೂ ಇಲ್ಲದ ಹೊತ್ತನ್ನು ನಾನು ಅಳೆಯಲಾರೆ. ಸೂರ್ಯನಿಂದ ಬೆಳಕು ಇಲ್ಲಿಗೆ ಬರಲು ಎಂಟು ನಿಮಿಷ ಬೇಕು ಎಂದು ವರ್ಷಾ ವರ್ಷ ಮಕ್ಕಳಿಗೆ ಹೇಳುತ್ತ ಬಂದವಳು ನಾನು. ಆ ಎಂಟು ನಿಮಿಷವೂ ಇಷ್ಟು ದೊಡ್ಡದಿರಲಾರದು. ದೇವರನ್ನು ಬೇಡಿಕೊಳ್ಳುವಷ್ಟೂ ಧೈರ್ಯ ಇರಲಿಲ್ಲ.

ಆಮೇಲೆ ಬೆಕ್ಕಿನ ಮರಿ ಕೂಗಿದಂತೆ ಒಂದು ದನಿ ಕೇಳಿತು. ಮತ್ತೆ ಕೇಳಿತು. ಆಮೇಲೆ ಅದು ಊರಿಗೇ ಕೇಳುವಂತೆ ಅಳತೊಡಗಿತು. ಹೆಣ್ಣು ಎಂದರು. ನರ್ಸಮ್ಮ ತಟ್ಟೆಯಲ್ಲಿಟ್ಟು ಒಯ್ಯುತ್ತಿದ್ದ ಬಳ್ಳಿಯನ್ನು ನಾನು ಅರೆಕ್ಷಣ ನೋಡಿದೆ. ಅದು ನೀಲಿ ಬಿಳಿ ಬೆರೆತು ಉದ್ದಕ್ಕೂ ಹುರಿಗೊಂಡಿತ್ತು. ನಾನು ಬೆಚ್ಚಿದ್ದು ನೋಡಿ ಡಾಕ್ಟರ್ ಮೇಡಮ್, "ಎಲ್ಲಾರದೂ ಹಂಗ ಇರ್ತೈತ್ರಿ. ಆ ಹುರಿ ಇದ್ದದ್ದಕ್ಕ ಒಳಗಿನ ರಕ್ತನಾಳ ಲಗೂನ ಹಿಚುಕೂದಿಲ್ಲ" ಎಂದರು. ಸಂಜೆಗೆ ಗಂಡ ಮುದ್ದೇಬಿಹಾಳದಿಂದ ಬಂದು ಕೂಸಿನ ಕೊರಳನ್ನೇ ನೋಡುತ್ತ ನಿಂತರು. ಅಲ್ಲಿ ಒಂದು ತೆಳ್ಳನೆಯ ಕೆಂಪು ಗೆರೆ ಇತ್ತು, ಕೆಲವು ದಿನಕ್ಕೆ ಮಾಯವಾಯಿತು.

ನನ್ನ ಹೆದರಿಕೆ ಮಾತ್ರ ಅದರ ಜೊತೆ ಮಾಯವಾಗಲಿಲ್ಲ. ಮನೆಗೆ ಬಂದ ಮೇಲೂ ಕೂಸು ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ, ಎದ್ದರೆ ಯಾಕೆ ಎದ್ದಿತು ಎಂದು ಹೆದರುತ್ತಿದ್ದೆ. ತೊಟ್ಟಿಲಿಗೆ ಹಾಕುವ ದಿನ ಬಂತು. ಅಟ್ಟದಿಂದ ನಾನು ಮಲಗಿದ್ದ ತೊಟ್ಟಿಲನ್ನೇ ಇಳಿಸಿದರು. ಅಪ್ಪ, ಬಿಚ್ಚಿದ ಅದೇ ನಾರನ್ನು ಅಂಗಳದಲ್ಲಿ ಹರವಿಕೊಂಡು ಅವ್ವನ ಕಡೆ ನೋಡಿದರು. ನೈಲಾನ್ ತರಿಸಲೇ ಎಂದು ಕೇಳುವ ಹಾಗಿತ್ತು ಆ ನೋಟ.

ಅವ್ವ ನನ್ನನ್ನು ಕೇಳಿದಳು, "ಆ ಕಪ್ಪು ಇನ್ನೂ ಐತೇನು?"

ಕೂಸನ್ನು ಎದೆಗೊತ್ತಿಕೊಂಡೇ ನಾನು ಲ್ಯಾಪ್‌ಟಾಪ್ ತೆರೆದು ನೋಡಿದೆ. ಇತ್ತು. ಪಶ್ಚಿಮಕ್ಕೆ ಸರಿದಿತ್ತು, ಆದರೂ ಹುರಿ ಬಿಟ್ಟಿರಲಿಲ್ಲ.

"ಐತಿ ಯವ್ವಾ."

"ಇರಲಿ" ಎಂದಳು. ಅಪ್ಪನ ಕಡೆ ತಿರುಗಿ, "ಹೊಸೀರಿ. ಚಲೋ ಬಿಗಿಯಾಗಿ ಹೊಸೀರಿ" ಎಂದಳು.

ಅಪ್ಪ ಹೊಸೆದರು, ಜಂತಿಗೆ ಕಟ್ಟಿದರು, ತೊಟ್ಟಿಲು ತೂಗಿದರು. ನಾನು ಕೂಸನ್ನು ಕೊಡಲಿಲ್ಲ, ಕೈ ಬಿಡಲಾಗಲಿಲ್ಲ. ಅವ್ವ ನನ್ನ ಮುಖ ನೋಡಿದಳು. ಸೀರೆ ಎತ್ತಿ ಕಚ್ಚೆ ಬಿಗಿದಳು, ತೊಟ್ಟಿಲ ಹಗ್ಗವನ್ನು ಎರಡೂ ಕೈಯಿಂದ ಹಿಡಿದಳು, ಕಾಲೆತ್ತಿ ತನ್ನ ಪೂರ್ತಿ ಭಾರ ಅದಕ್ಕೆ ಹಾಕಿ ಜೋತುಬಿದ್ದಳು. ಜಂತಿ ಕಿರುಗುಟ್ಟಿತು, ಹಗ್ಗ ಅಲುಗಲಿಲ್ಲ. ಹಾಗೆ ಜೋತುಕೊಂಡೇ, "ಇಲ್ಲಿ ತಾ ಕೂಸಿನ್ನ" ಎಂದಳು.